ಮೂಲೆ ಬಿಡಿಸುವ ಕೈ

ಇಸ್ತ್ರಿ ಅಕ್ಕನ ಬಲಗೈಯ ಮೂರು ಬೆರಳು ಹೋದವು ಎಂಬ ಸುದ್ದಿ ನನಗೆ ಮುಟ್ಟಿದ್ದು ನಾನು ಹಿಂದೆ ದುಡಿದ ಕಂಪನಿಯ ವಕೀಲರ ನೋಟಿಸಿನಿಂದ. ಯಾರೂ ಫೋನ್ ಮಾಡಿ ಹೇಳಲಿಲ್ಲ. ನೋಟಿಸಿನಲ್ಲಿ ಅವಳಿಗೆ ಹೆಸರಿರಲಿಲ್ಲ. 'ಯಂತ್ರ ನಡೆಸುತ್ತಿದ್ದ ಕಾರ್ಮಿಕ ಮಹಿಳೆ' ಎಂದಿತ್ತು ಅಷ್ಟೆ. ಆ ಯಂತ್ರದ ಮುಂದೆ ನಿಲ್ಲುತ್ತಿದ್ದವಳು ಅವಳೇ ಎಂದು ನನಗೆ ಗೊತ್ತಿತ್ತು. ನನ್ನ ಹೆಸರು ಮಾತ್ರ ಇತ್ತು. ಅಪ್ಪನ ಹೆಸರು, ಮನೆ ನಂಬರು, ಎಲ್ಲವೂ ಸರಿಯಾಗಿತ್ತು. ಆ ಕಂಪನಿಯಲ್ಲಿ ದುಡಿದಷ್ಟು ಕಾಲ ನನ್ನ ಹೆಸರು ಕೇಳುವ ಗೋಜಿಗೇ ಹೋಗದವರು ಅವರು. ತಪ್ಪು ಹೊರಿಸುವಾಗ ಒಂದಕ್ಷರವೂ ಆಚೀಚೆ ಆಗಿರಲಿಲ್ಲ.

ನಾನು ಫ್ರೀಲಾನ್ಸರ್. ಕಾರ್ಖಾನೆಯ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. 'ನಮ್ಮಕ್ಕ ಯಾರ ಕೈಕೆಳಗೂ ಇಲ್ಲ, ಸ್ವಂತ ಕೆಲಸ' ಎಂದು ನನ್ನ ತಮ್ಮ ಹಿಂದೆ ಎಲ್ಲರ ಮುಂದೆ ಹೇಳಿಕೊಂಡು ಓಡಾಡುತ್ತಿದ್ದ. ಸ್ವಂತ ಕೆಲಸದ ಸುಖ ಏನು ಅಂತ ಅವನಿಗೇನು ಗೊತ್ತು. ಆ ಕಂಪನಿಯ ನೌಕರರಿಗೆ ಕೊರಳಲ್ಲಿ ನೀಲಿ ಕಾರ್ಡು. ನಮ್ಮಂಥವರಿಗೆ ಹಳದಿ ಕಾರ್ಡು. ಅದರ ಮೇಲೆ ಹೆಸರಿಲ್ಲ, 'ಗೆಸ್ಟ್' ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಈ ಗೆಸ್ಟಿಗೆ ಕುರ್ಚಿ ಇರಲಿಲ್ಲ. ಪ್ರಿಂಟರ್ ಪಕ್ಕದ ಬೆಂಚಿನ ತುದಿಯಲ್ಲಿ ಕೂರುತ್ತಿದ್ದೆ. ಪ್ರಿಂಟರಿನ ಬಿಸಿಗಾಳಿ ದಿನವಿಡೀ ಮೊಣಕಾಲಿಗೆ ಬಡಿಯುತ್ತಿತ್ತು. ಯಾರಾದರೂ ಕಾಗದ ತೆಗೆದುಕೊಳ್ಳಲು ಬಂದರೆ ಲ್ಯಾಪ್‌ಟಾಪ್ ಎದೆಗವಚಿಕೊಂಡು ಎದ್ದು ನಿಲ್ಲಬೇಕು. ನಮ್ಮ ಮಹಡಿಯ ಶೌಚಾಲಯದ ಬಾಗಿಲು ತೆರೆಯುತ್ತಿದ್ದದ್ದು ನೀಲಿ ಕಾರ್ಡಿಗೆ ಮಾತ್ರ. ನಾನು ಕೆಳಗಿಳಿದು ವಾಚ್‌ಮನ್‌ಗಳದ್ದಕ್ಕೆ ಹೋಗುತ್ತಿದ್ದೆ. ಅದರ ಚಿಲಕ ಮುರಿದಿತ್ತು. ಒಂದು ಕೈಯಲ್ಲಿ ಬಾಗಿಲು ಒತ್ತಿ ಹಿಡಿದುಕೊಳ್ಳಬೇಕಿತ್ತು. ಹಾಗಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ. ಮ್ಯಾನೇಜರ್ ನನ್ನನ್ನು ಕರೆಯುತ್ತಿದ್ದದ್ದು 'ಗೆಸ್ಟ್ ಮೇಡಂ' ಎಂದು. ಹಾಗೆ ಕರೆದಾಗಲೆಲ್ಲ ಪಕ್ಕದವರು ಕಿಸಕ್ಕನೆ ನಗುತ್ತಿದ್ದರು.

ಕೆಲಸಕ್ಕೆ ಸೇರುವಾಗ ಎರಡು ಕಡೆ ಸಹಿ ಹಾಕಿಸಿಕೊಂಡಿದ್ದರು. ಒಂದು ಕರಾರು. ನಾನು ಮಾಡಿದ ಕೆಲಸದಿಂದ ಯಾರಿಗೆ ಏನೇ ನಷ್ಟವಾದರೂ ಹೊಣೆ ಪೂರ್ತಿ ನನ್ನದು, ಕಂಪನಿಯದಲ್ಲ ಎಂದು. ಇನ್ನೊಂದು ವಿಮೆ. ಅಂಥ ಹೊಣೆ ಬಂದರೆ ತೀರಿಸಲು ನನ್ನದೇ ಖರ್ಚಿನಲ್ಲಿ ಪಾಲಿಸಿ ಮಾಡಿಸಬೇಕು ಎಂದು. ಕುರ್ಚಿ ಕೊಡಲು ಕೈ ಬರಲಿಲ್ಲ, ಹೊಣೆ ಕೊಡಲು ಧಾರಾಳವಾಗಿ ಬಂತು. ನಾನೂ ಸಹಿ ಹಾಕಿದೆ. ಹಾಕದಿದ್ದರೆ ಕೆಲಸ ಇಲ್ಲ.

ಆ ಕಂಪನಿ ಒಂದು ದೊಡ್ಡ ಲಾಂಡ್ರಿಯ ಇಸ್ತ್ರಿ ಯಂತ್ರಕ್ಕೆ ಸಾಫ್ಟ್‌ವೇರ್ ಒಪ್ಪಿಕೊಂಡಿತ್ತು. ಬರೆದವಳು ನಾನು. ಆಸ್ಪತ್ರೆ, ಹೋಟೆಲುಗಳ ಚಾದರ ಎಲ್ಲ ಅಲ್ಲಿಗೆ ಬರುತ್ತಿದ್ದವು. ಯಂತ್ರ ಕೂರಿಸಿದಾಗ ಒಂದು ವಾರ ಅಲ್ಲೇ ಇದ್ದು ನೋಡಿಕೊಂಡು ಬಾ ಎಂದು ಕಳಿಸಿದರು. ನೀಲಿ ಕಾರ್ಡಿನವರು ಯಾರೂ ಹೋಗಲು ಒಪ್ಪಿರಲಿಲ್ಲ. ಒಳಗೆ ಕಾಲಿಟ್ಟರೆ ಹಬೆ. ನೆಲದ ಮೇಲೆ ಸದಾ ನೀರು. ಹೆಂಗಸರು ಬೆಳಗಿನಿಂದ ಸಂಜೆವರೆಗೆ ನಿಂತೇ ಇರುತ್ತಿದ್ದರು. ಯಂತ್ರ ಅಂದರೆ ಮನುಷ್ಯರ ಸೊಂಟಕ್ಕಿಂತ ದಪ್ಪದ ಕಾದ ಉರುಳೆ. ಒದ್ದೆ ಚಾದರದ ಅಂಚನ್ನು ಈ ಕಡೆಯಿಂದ ಕೊಟ್ಟರೆ ಆ ಕಡೆ ಒಣಗಿ, ಇಸ್ತ್ರಿಯಾಗಿ ಹೊರಬರುತ್ತದೆ. ಹಿಂಡಿ ಬಂದ ಚಾದರದ ಮೂಲೆ ಯಾವಾಗಲೂ ಮಡಚಿಕೊಂಡಿರುತ್ತದೆ. ಅದನ್ನು ಬೆರಳತುದಿಯಲ್ಲಿ ಬಿಡಿಸುತ್ತಲೇ ಇರಬೇಕು, ಉರುಳೆ ಕಚ್ಚಿಕೊಳ್ಳುವ ಕೊನೆಯ ಗಳಿಗೆವರೆಗೂ. ಬಿಡಿಸದಿದ್ದರೆ ಮಡಿಕೆಯ ಮೇಲೇ ಇಸ್ತ್ರಿ ಬೀಳುತ್ತದೆ. ಆಸ್ಪತ್ರೆಯವರು ವಾಪಸು ಕಳಿಸುತ್ತಾರೆ, ಸೂಪರ್‌ವೈಸರ್ ಎಲ್ಲರ ಮುಂದೆ ಮುಖಕ್ಕೆ ಉಗಿಯುತ್ತಾನೆ. ಉರುಳೆಯ ಮುಂದೆ ಒಂದು ತೆಳ್ಳಗಿನ ಕಂಬಿ ಇದೆ. ಬೆರಳು ತಗುಲಿದ ತಕ್ಷಣ ಉರುಳೆ ನಿಲ್ಲಬೇಕು. ಅದನ್ನು ನಿಲ್ಲಿಸುವುದು ನಾನು ಬರೆದ ಸಾಫ್ಟ್‌ವೇರ್.

ಇಸ್ತ್ರಿ ಅಕ್ಕ ಅಲ್ಲಿ ಎಲ್ಲರಿಗಿಂತ ಹಳಬಳು. ಸಣಕಲು ಮೈ, ದೊಡ್ಡ ಗಂಟಲು. ಗೋಡೆಗೊರಗಿ ಬರೆದುಕೊಳ್ಳುತ್ತ ನಿಂತ ನನ್ನನ್ನು ಮೊದಲ ದಿನವೇ ಮೇಲಿಂದ ಕೆಳಗೆ ನೋಡಿ, "ಅಲ್ಲಿಂದ ನೋಡಿದ್ರೆ ಏನು ಗೊತ್ತಾಗುತ್ತೆ ಕಂಪ್ಯೂಟರಮ್ಮ? ಬಾ, ಹಿಡಿ" ಎಂದು ಚಾದರದ ತುದಿ ಕೈಗಿಟ್ಟಳು. ನಾನು ಕೊಟ್ಟ ಚಾದರ ಸೊಟ್ಟಗೆ ಹೋಯಿತು. ಮೂಲೆ ಬಿಡಿಸಲು ಹೋಗಿ ಕಂಬಿಗೆ ಬೆರಳು ತಾಗಿಸಿದೆ, ಯಂತ್ರ ಗಕ್ಕನೆ ನಿಂತಿತು. ಮತ್ತೆ ಕೊಟ್ಟೆ, ಮತ್ತೆ ನಿಂತಿತು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು. ಉಗುರಿನ ಸುತ್ತ ಚರ್ಮ ಕೆಂಪಗಾಗಿ ರಾತ್ರಿವರೆಗೂ ಉರಿಯುತ್ತಿತ್ತು. ಊಟದ ಹೊತ್ತಿಗೆ ಅವರು ಸಾಲಾಗಿ ಕೆಳಗೆ ಕೂತು ಡಬ್ಬಿ ಬಿಚ್ಚಿದಾಗ ಇಸ್ತ್ರಿ ಅಕ್ಕ ಒತ್ತರಿಸಿಕೊಂಡು ಪಕ್ಕದಲ್ಲಿ ಜಾಗ ಮಾಡಿದಳು, ಇಲ್ಲಿ ಕೂರು ಎಂದು ನೆಲ ತಟ್ಟಿದಳು. ಕೆಲಸದ ಜಾಗದಲ್ಲಿ ಯಾರಾದರೂ ನನಗೆ ಕೂರಲು ಜಾಗ ಮಾಡಿಕೊಟ್ಟಿದ್ದು ಅದೇ ಮೊದಲು. ಕಣ್ಣೊರೆಸಿಕೊಂಡೆ. ಖಾರ ತಗುಲಿತು ಎಂದು ಸುಳ್ಳು ಹೇಳಿದೆ.

ಆಮೇಲೆ ಲಾಂಡ್ರಿ ಮಾಲೀಕ ತಕರಾರು ತೆಗೆದ. ಕಂಬಿಗೆ ಕೈ ತಾಗಿ ತಾಗಿ ಯಂತ್ರ ಮಾತೆತ್ತಿದರೆ ನಿಲ್ಲುತ್ತದೆ, ಕೆಲಸ ಸಾಗುವುದಿಲ್ಲ ಎಂದ. ಮ್ಯಾನೇಜರ್ ನನ್ನನ್ನು ಕರೆದು, ಕಂಬಿ ತಾಗಿದ ಕೂಡಲೇ ನಿಲ್ಲಿಸುವುದು ಬೇಡ, ಸ್ವಲ್ಪ ತಡೆದು ನಿಲ್ಲುವ ಹಾಗೆ ಮಾಡಿ ಎಂದ. ಅಷ್ಟರಲ್ಲಿ ಕೈ ಒಳಗೆ ಹೋಗಿರುತ್ತದೆ ಎಂದೆ. ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು ಮೇಡಂ, ಏನು ಮಹಾ ಎಂದ. ನಾನು ಒಲ್ಲೆ ಎಂದೆ. ಅವನು ಜಗಳವಾಡಲಿಲ್ಲ. ಆ ತಿಂಗಳು ಮುಗಿದಾಗ ಕರಾರು ಮುಂದುವರಿಸಲಿಲ್ಲ, ಅಷ್ಟೆ. ಹಳದಿ ಕಾರ್ಡನ್ನು ವಾಚ್‌ಮನ್ ಕೈಗೆ ಕೊಟ್ಟು ಬ್ಯಾಗು ಹೆಗಲಿಗೇರಿಸಿ ಬಂದೆ.

ಕಾರ್ಡು ಕಿತ್ತುಕೊಂಡರು. ಲಾಗಿನ್ ಮುಚ್ಚಲಿಲ್ಲ. ಗೆಸ್ಟ್ ಎಂಬ ಆ ಒಂದೇ ಲಾಗಿನ್ನಿನಲ್ಲಿ ಹೊರಗಿನಿಂದ ಬಂದವರೆಲ್ಲ ಕೆಲಸ ಮಾಡುತ್ತಿದ್ದೆವು. ಪಾಸ್‌ವರ್ಡಿನ ಚೀಟಿ ಪ್ರಿಂಟರ್ ಮೇಲೆ ಅಂಟಿಸಿತ್ತು. ಒಳ್ಳೆಯ ಕೆಲಸವಾದರೆ ನೀಲಿ ಕಾರ್ಡಿನ ಯಾರದಾದರೂ ಹೆಸರಿಗೆ ಬದಲಾಯಿಸಿ ಗ್ರಾಹಕರಿಗೆ ತೋರಿಸುತ್ತಿದ್ದರು. ಹೊರಗಿನವರು ಮಾಡಿದ್ದೆಂದು ಗೊತ್ತಾದರೆ ಕಂಪನಿಯ ಮಾನ ಹೋಗುತ್ತದಂತೆ. ನಾನು ಬಿಟ್ಟು ಬಂದ ಮೇಲೆ ಅದೇ ಲಾಗಿನ್ನಿನಿಂದ ಯಾರೋ ಕಂಬಿಗೆ ತಡೆ ಹಾಕಿದರು, ಬೆರಳು ತಾಗಿದರೂ ತಡವಾಗಿ ನಿಲ್ಲುವ ಹಾಗೆ. ಇಸ್ತ್ರಿ ಅಕ್ಕ ಎಂದಿನಂತೆ ಮೂಲೆ ಬಿಡಿಸಲು ಹೋದಳು. ಕಂಬಿಗೆ ಬೆರಳು ತಾಗಿತು. ಯಂತ್ರ ನಿಲ್ಲಲಿಲ್ಲ. ಆಮೇಲೆ ನಿಂತಿತು. ಲಾಂಡ್ರಿಯವನು ಕಂಪನಿಯ ಕಡೆ ಬೆರಳು ತೋರಿಸಿದ. ಕಂಪನಿಯವರು, ಗೆಸ್ಟ್ ಅಂದರೆ ಇವಳೇ ಎಂದು ನನ್ನ ಹೆಸರು ಬರೆದು ಕೈತೊಳೆದುಕೊಂಡರು.

ವಿಮೆಯ ವಕೀಲರು ಮೆತ್ತಗಿನ ಮನುಷ್ಯರು. ನನ್ನ ಮಾತು ಪೂರ್ತಿ ಕೇಳಿಸಿಕೊಂಡರು, ನೀರು ತರಿಸಿದರು. ಹೆದರಬೇಡಿ, ಇಂಥದ್ದಕ್ಕೇ ಅಲ್ಲವೇ ಪಾಲಿಸಿ ಇರುವುದು ಎಂದರು. ನನಗೆ ಅಲ್ಲೇ ಅವರ ಕಾಲಿಗೆ ಬೀಳೋಣ ಎನಿಸಿತು. ಆಮೇಲೆ ಷರತ್ತು ಹೇಳಿದರು. ಗಾಯವಾದವರನ್ನು ನೋಡಲು ಹೋಗಕೂಡದು. ಫೋನ್ ಮಾಡಕೂಡದು. ಅಯ್ಯೋ ಹೀಗಾಯಿತಲ್ಲ ಎಂದು ಕೂಡ ಹೇಳಕೂಡದು, ಅದು ತಪ್ಪೊಪ್ಪಿಗೆ ಆಗುತ್ತದೆ. ಜೊತೆಯವರ ಹತ್ತಿರ, ಮನೆಯವರ ಹತ್ತಿರ, ಯಾರ ಹತ್ತಿರವೂ ಬಾಯಿ ಬಿಡಕೂಡದು. ಬಿಟ್ಟರೆ ಪಾಲಿಸಿ ನಿಮ್ಮ ಕೈಹಿಡಿಯುವುದಿಲ್ಲ.

ಬಾಯಿಗೆ ಬೀಗ ಹಾಕಿಕೊಂಡೆ. ನಮ್ಮಂಥ ಫ್ರೀಲಾನ್ಸರುಗಳ ಒಂದು ಗುಂಪಿತ್ತು, ದಿನಾ ಹರಟುತ್ತಿದ್ದೆವು. ನನ್ನ ಸುದ್ದಿ ಹೇಗೋ ಅವರಿಗೆ ಮುಟ್ಟಿತು. ಒಬ್ಬೊಬ್ಬರೇ ಸುಮ್ಮನಾದರು. ನಾನು ಏನು ಬರೆದರೂ ಉತ್ತರ ಇಲ್ಲ. ಅವರನ್ನೇನೂ ಬೈಯುವುದಿಲ್ಲ, ಅವರಿಗೂ ಹೊಟ್ಟೆಪಾಡು. ಹೊಸ ಕೆಲಸ ಕೇಳಿಕೊಂಡು ಹೋದಲ್ಲೆಲ್ಲ, ನಿಮ್ಮ ಮೇಲೆ ಯಾವುದಾದರೂ ಪರಿಹಾರದ ದಾವೆ ಇದೆಯೇ ಎಂದು ಮೊದಲೇ ಕೇಳುತ್ತಿದ್ದರು. ಇದೆ ಎಂದರೆ ಬಾಗಿಲು ಹಾಕಿಕೊಂಡಿತು ಅಂತಲೇ.

ಅಮ್ಮ ನಮಗೆ ಬಿಟ್ಟುಹೋದ ಮನೆಯಲ್ಲಿ ನಾನು ಕೆಳಗೆ, ತಮ್ಮ ಮತ್ತು ಅವನ ಹೆಂಡತಿ ಮೇಲೆ. ಮನೆ ಇಬ್ಬರ ಹೆಸರಿನಲ್ಲೂ ಇದೆ. ಒಳಗಿನ ಮೆಟ್ಟಿಲಿನ ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು, ಅವನು ಸಂಜೆ ಚಹಾ ಲೋಟ ಹಿಡಿದುಕೊಂಡು ಇಳಿದು ಬರುತ್ತಿದ್ದ. ನೋಟಿಸು ಬಂದ ಮೇಲೆ ಬರುವುದು ಕಡಿಮೆಯಾಯಿತು. ಬಂದರೂ, ಮನೆಗೇನೂ ತೊಂದರೆ ಇಲ್ಲ ತಾನೆ ಎನ್ನುವುದೊಂದೇ ಮಾತು. ನಾನು ಬಾಯಿ ಬಿಡುವ ಹಾಗಿಲ್ಲ, ಅವನಿಗೆ ಅದೇ ಅನುಮಾನ. ಮೇಲೆ ಕುರ್ಚಿ ಎಳೆಯುವ ಸದ್ದು, ನಗು, ಬಾಗಿಲು ಹಾಕುವ ಸದ್ದು ಕೇಳುತ್ತಿತ್ತು. ಕೆಳಗೆ ನಾನೊಬ್ಬಳೇ ಒಂದು ತಟ್ಟೆ ತೊಳೆದು ಒಂದು ತಟ್ಟೆ ಕವಿಚಿ ಇಡುತ್ತಿದ್ದೆ. ಒಂದು ದಿನ ಅಂಗಡಿಯಲ್ಲಿ ಸೋಪು ಕೇಳಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಮಾತಾಡಿ ಎಷ್ಟು ದಿನವಾಗಿತ್ತೋ. ಅಂಗಡಿಯವನು, ಹುಷಾರಿಲ್ವಾ ಅಕ್ಕ ಎಂದ. ಅಷ್ಟು ಕೇಳಿದ್ದಕ್ಕೇ ನನಗೆ ಅಳು ಬಂತು. ಸೋಪು ಬಿಟ್ಟು ಮನೆಗೆ ಬಂದೆ.

ರಾತ್ರಿ ಮಲಗಿದರೆ ಚಾದರದ ಮೂಲೆ ಕೈಗೆ ಸಿಗುತ್ತಿತ್ತು. ಇಸ್ತ್ರಿ ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದಳೋ ಇಲ್ಲವೋ, ನೋವು ಹೇಗಿದೆಯೋ, ಯಾರನ್ನು ಕೇಳುವುದು? ಕೇಳುವುದೇ ಅಪರಾಧ.

ಹೀಗಿರುವಾಗ ವಿಮೆಯ ವಕೀಲರ ಫೋನ್ ಬಂತು. ಎಲ್ಲ ಬಗೆಹರಿದಿದೆ, ಕಂಪನಿಗೆ ಬನ್ನಿ ಎಂದರು. ತಮ್ಮನಿಗೆ ಅಷ್ಟು ಮಾತ್ರ ಹೇಳಿದೆ.

ಹೋದೆ. ವಾಚ್‌ಮನ್ ನನ್ನನ್ನು ಗುರುತಿಸಿ ಎದ್ದು ನಿಂತ. ಮೀಟಿಂಗ್ ರೂಮಿನಲ್ಲಿ ಮೆತ್ತನೆಯ ಕುರ್ಚಿ. ಅದರಲ್ಲಿ ಕೂತೆ. ವಿಮೆಯ ವಕೀಲರೂ ಕಂಪನಿಯ ವಕೀಲರೂ ಪಕ್ಕಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತ ಏನೋ ಹಳೆಯ ತಮಾಷೆಗೆ ನಗುತ್ತಿದ್ದರು. ಇವರಿಬ್ಬರೂ ನನ್ನನ್ನು ನಡುವೆ ಇಟ್ಟುಕೊಂಡು ಹೊಡೆದಾಡುತ್ತಾರೆ ಎಂದು ನಾನು ಅಷ್ಟು ದಿನ ನಂಬಿದ್ದೆ. ಮ್ಯಾನೇಜರ್ ನನ್ನ ಹೆಸರು ಹಿಡಿದು ಕರೆದ. ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳಿದ.

ಅವರ ತೀರ್ಮಾನ ಇಷ್ಟು. ತಡೆ ಯಾರು ಹಾಕಿದರು ಎಂಬ ಮಾತೇ ಬೇಡ. ಅದನ್ನು ಎತ್ತಿದರೆ ಕಂಪನಿಗೂ ಕಷ್ಟ, ನನಗೂ ಕಷ್ಟ, ವಿಮೆಯವರಿಗೂ ಕಷ್ಟ. ಸಾಫ್ಟ್‌ವೇರ್ ಸರಿಯಾಗಿತ್ತು. ಯಂತ್ರ ನಿಲ್ಲಬೇಕಾದ ಹಾಗೆ ನಿಂತಿತು. ಕೆಲಸದವಳು ಅನಗತ್ಯವಾಗಿ ಉರುಳೆಯ ಬಳಿ ಕೈ ಹಾಕಿದಳು. ಅಜಾಗರೂಕತೆ. ಕಾರ್ಮಿಕ ಇಲಾಖೆಯ ವಿಚಾರಣೆಯಲ್ಲಿ ಸಾಫ್ಟ್‌ವೇರ್ ಬರೆದ ನಾನೇ ಇದನ್ನು ಹೇಳಬೇಕು. ಈಗ ಹೇಳಿಕೆಗೆ ಸಹಿ ಹಾಕಿದರೆ ಸಾಕು, ನನ್ನ ಮೇಲಿನ ನೋಟಿಸು ವಾಪಸು.

"ಎಲ್ಲರಿಗೂ ಒಳ್ಳೇದೇ ಆಗುತ್ತೆ. ಮುಂದಿನ ಕೆಲಸಕ್ಕೂ ನಿಮ್ಮನ್ನೇ ಕರೀತೀವಿ. ಈ ಸಲ ನೀಲಿ ಕಾರ್ಡೇ ಕೊಡ್ಸೋಣ" ಎಂದ ಮ್ಯಾನೇಜರ್.

ಸುಳ್ಳು ಯಾಕೆ ಹೇಳಲಿ, ಆಸೆಯಾಯಿತು. ನಾಳೆಯಿಂದ ಯಾರಾದರೂ ನನ್ನ ಜೊತೆ ಮಾತಾಡುತ್ತಾರೆ. ತಮ್ಮ ಚಹಾ ಹಿಡಿದು ಕೆಳಗೆ ಬರುತ್ತಾನೆ. ಮನೆ ಉಳಿಯುತ್ತದೆ. ಆ ಹೆಂಗಸಿಗೇನು ಸಿಗುತ್ತದೆ ಎಂದು ಕೇಳಿದೆ. ಕನಿಕರದ ಮೇಲೆ ಏನೋ ಒಂದು ಕೊಡಿಸುತ್ತಾರೆ ಬಿಡಿ ಎಂದರು ವಿಮೆಯ ವಕೀಲರು, ಅದೇ ಮೆತ್ತಗಿನ ದನಿಯಲ್ಲಿ. ನಾನು ಪೆನ್ನು ಕೈಗೆ ತೆಗೆದುಕೊಂಡೆ. ಹೌದು, ತೆಗೆದುಕೊಂಡೆ.

ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿತ್ತು. ನನ್ನೆದುರಿಗೆ ಅದರ ಮೂಲೆ ಒಳಕ್ಕೆ ಮಡಚಿಕೊಂಡಿತ್ತು. ಮ್ಯಾನೇಜರ್ ಮಾತಾಡುತ್ತಾ ಮಾತಾಡುತ್ತಾ, ನೋಡದೆಯೇ, ಕೈ ಚಾಚಿ ಎರಡು ಬೆರಳಿನಲ್ಲಿ ಆ ಮೂಲೆ ಬಿಡಿಸಿದ. ಅಂಗೈಯಿಂದ ಸವರಿ ಸಪಾಟು ಮಾಡಿದ.

ನನಗೆ ಮೈಯೆಲ್ಲ ಉರಿ ಹತ್ತಿಕೊಂಡಿತು.

"ಈಗ ಕೈ ಯಾಕೆ ಹಾಕಿದ್ರಿ?" ಎಂದೆ.

"ಎಲ್ಲಿ?"

"ಬಟ್ಟೆಗೆ. ಮೂಲೆ ಬಿಡಿಸಿದ್ರಲ್ಲ."

ಅವನು ತನ್ನ ಕೈಯನ್ನೇ ನೋಡಿಕೊಂಡ. ಅದು ಇನ್ನೂ ಬಟ್ಟೆಯ ಮೇಲೇ ಇತ್ತು. "ಮಡಚ್ಕೊಂಡಿತ್ತು, ಬಿಡಿಸ್ದೆ. ಅದಕ್ಕೇನೀಗ?"

"ಅವಳೂ ಅಷ್ಟೇ ಮಾಡಿದ್ದು. ನಿಮ್ಮ ಕೈಗೆ ಸಂಬಳ ಇಲ್ಲ, ಬೈಗುಳ ಇಲ್ಲ, ಆದ್ರೂ ತಡ್ಕೊಳ್ಳೋಕೆ ಆಗ್ಲಿಲ್ಲ. ಮೂಲೆ ಬಿಡಿಸೋದೇ ಅವಳ ಕೆಲಸ. ಅನಗತ್ಯ ಅಂತ ನಾನು ಬರೆದುಕೊಡ್ಬೇಕಾ?"

ವಿಮೆಯ ವಕೀಲರು ಕಾಫಿ ಲೋಟ ಕೆಳಗಿಟ್ಟರು. ಭಾವುಕರಾಗಬೇಡಿ ಎಂದರು. ವಿಮೆ ಮಾಡಿಸಿಕೊಂಡವರು ವಿಮೆಯವರ ಜೊತೆ ಸಹಕರಿಸಬೇಕು, ಇಲ್ಲದಿದ್ದರೆ ನಾವು ಹಿಂದೆ ಸರಿಯುತ್ತೇವೆ, ಆಮೇಲೆ ಇಡೀ ಹೊರೆ ನಿಮ್ಮೊಬ್ಬರ ತಲೆಯ ಮೇಲೆ, ಮನೆಯೂ ಸೇರಿ ಎಂದು ಬಿಡಿಸಿ ಹೇಳಿದರು. ಹೆದರಿಸಲು ಹೇಳಿದ್ದಲ್ಲ, ಇದ್ದದ್ದನ್ನೇ ಹೇಳಿದರು. ನನಗೆ ಹೆದರಿಕೆ ಆಯಿತು.

"ನಾನು ಸಹಿ ಹಾಕಲ್ಲ" ಎಂದೆ. ಪೆನ್ನು ಮೇಜಿನ ಮೇಲಿಟ್ಟೆ. "ವಿಚಾರಣೆಗೆ ಬರ್ತೀನಿ. ತಡೆ ಹಾಕು ಅಂದೋರು ಯಾರು, ಒಲ್ಲೆ ಅಂದೋಳು ಯಾರು, ಅಲ್ಲೇ ಹೇಳ್ತೀನಿ."

"ಪ್ರೂಫ್ ಏನಿದೆ ಗೆಸ್ಟ್ ಮೇಡಂ?" ಎಂದ ಮ್ಯಾನೇಜರ್. ಹೆಸರು ಅಷ್ಟರಲ್ಲೇ ಮರೆತುಹೋಗಿತ್ತು.

ಪ್ರೂಫ್ ಇರಲಿಲ್ಲ. ನನ್ನ ಮಾತು ಇತ್ತು. ಎದ್ದು ಬಂದೆ.

ಸಂಜೆ ತಮ್ಮ ಚಹಾ ಹಿಡಿದುಕೊಂಡು ಇಳಿದು ಬಂದ. ಎಲ್ಲ ಮುಗಿಯಿತು ಎಂಬ ಸಂತೋಷದಲ್ಲಿ ಬಂದಿದ್ದ ಪಾಪ. ಇನ್ನು ಬಾಯಿಗೆ ಬೀಗ ಯಾಕೆ, ಎಲ್ಲವನ್ನೂ ಹೇಳಿದೆ. ಲೋಟ ಹಿಡಿದವನು ಹಿಡಿದ ಹಾಗೇ ನಿಂತ.

"ಮನೆ ಹೋಗುತ್ತೆ ಅಕ್ಕ. ನಿನ್ ಪಾಲು ಅಂತ ಅವರು ಇಡೀ ಮನೆಗೆ ಕೈ ಹಾಕ್ತಾರೆ. ನಾವು ಎಲ್ಲಿಗೆ ಹೋಗೋಣ? ಆ ಹೆಂಗಸು ನಿನಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ ಕಣೋ. ಪಕ್ಕದಲ್ಲಿ ಕೂರೋಕೆ ಜಾಗ ಕೊಟ್ಟಿದ್ಲು."

"ಅಷ್ಟಕ್ಕೆ ನಮ್ಮನ್ನ ಬೀದಿಗೆ ಹಾಕ್ತೀಯಾ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಚಿಕ್ಕವನಿದ್ದಾಗ ಸ್ಕೂಲಿಗೆ ಹೋಗುವ ದಾರಿಯಲ್ಲಿ ನನ್ನ ಬ್ಯಾಗಿನ ಪಟ್ಟಿ ಹಿಡಿದುಕೊಂಡೇ ನಡೆಯುತ್ತಿದ್ದ ಹುಡುಗ ಅವನು. ಲೋಟ ಮೆಟ್ಟಿಲ ಮೇಲಿಟ್ಟು ಹತ್ತಿ ಹೋದ. ಮೇಲೆ ಬಾಗಿಲು ಹಾಕಿ ಚಿಲಕ ಎಳೆದದ್ದು ಕೇಳಿಸಿತು. ಆ ಬಾಗಿಲಿಗೆ ಚಿಲಕ ಇದೆ ಎಂಬುದೇ ನನಗೆ ನೆನಪಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅವನ ಚಹಾ ಕುಡಿದೆ. ತಣ್ಣಗಾಗಿತ್ತು.

ಮರುದಿನ ಬೆಳಿಗ್ಗೆ ಇಸ್ತ್ರಿ ಅಕ್ಕನ ಮನೆ ಹುಡುಕಿಕೊಂಡು ಹೋದೆ. ಲಾಂಡ್ರಿಯ ಹಿಂದಿನ ಸಾಲಿನಲ್ಲಿ ಒಂದೇ ಕೋಣೆಯ ಮನೆ. ಹೊರಗೆ ಗೋಡೆಯಿಂದ ಕಂಬಕ್ಕೆ ಕಟ್ಟಿದ ಹಗ್ಗ, ಅದರ ಮೇಲೆ ಯಾರಾರದೋ ಚಾದರಗಳು. ಲಾಂಡ್ರಿಯವರು ಕೆಲಸದಿಂದ ತೆಗೆದ ಮೇಲೆ ಅಕ್ಕಪಕ್ಕದ ಮನೆಯವರ ಬಟ್ಟೆ ಒಗೆದುಕೊಡುತ್ತಿದ್ದಳು. ಎಡಗೈಯಲ್ಲಿ. ಬಲಗೈಗೆ ಪ್ಲಾಸ್ಟಿಕ್ ಚೀಲ ಸುತ್ತಿ ಮಣಿಕಟ್ಟಿನ ಹತ್ತಿರ ದಾರ ಕಟ್ಟಿದ್ದಳು. ಇನ್ನಷ್ಟು ಸಣಕಲಾಗಿದ್ದಳು. ನನ್ನನ್ನು ನೋಡಿದಳು. ಒಳಗೆ ಬಾ ಎನ್ನಲಿಲ್ಲ.

ಅಯ್ಯೋ ಹೀಗಾಯಿತಲ್ಲ ಅಕ್ಕ ಎಂದೆ. ಎಷ್ಟು ದಿನದಿಂದ ಹೇಳಬೇಕೆಂದಿದ್ದ ಮಾತು. ಹಗ್ಗದ ಕೆಳಗೆ ನಿಂತೇ ಎಲ್ಲ ಹೇಳಿದೆ. ತಡೆ ಹಾಕಲು ಹೇಳಿದ್ದು, ನಾನು ಒಲ್ಲೆ ಅಂದದ್ದು, ಕೆಲಸ ಹೋದದ್ದು, ಅಜಾಗರೂಕತೆ ಎಂದು ಅವಳ ತಲೆಗೆ ಕಟ್ಟಲು ಹೊರಟಿದ್ದು, ನಾನು ಸಹಿ ಹಾಕದೆ ಬಂದದ್ದು. ಹೇಳುತ್ತಾ ಹೇಳುತ್ತಾ ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆ ಬಂದಿತ್ತು. ಅವಳು ಬೆನ್ನು ತಟ್ಟುತ್ತಾಳೆ ಎಂದುಕೊಂಡಿದ್ದೆನೇನೋ.

"ನೀನು ಒಲ್ಲೆ ಅಂದೆ. ಸರಿ" ಎಂದಳು. "ನೀನಲ್ದಿದ್ರೆ ಇನ್ನೊಬ್ಬರ ಕೈಲಿ ಮಾಡಿಸ್ತಾರೆ ಅಂತ ನಿನಗೆ ಗೊತ್ತಿತ್ತು ತಾನೆ?"

ನಾನು ನೆಲ ನೋಡಿದೆ.

"ಮತ್ತೆ ನಮಗೆ ಯಾಕೆ ಹೇಳ್ಲಿಲ್ಲ? ಒಂದ್ಸಲ ಬಂದು, ಅಕ್ಕ, ಕಂಬಿ ನಂಬಬೇಡಿ, ಅಂದಿದ್ರೆ ನಿನ್ ಗಂಟೇನು ಹೋಗ್ತಿತ್ತು?"

ನಿಜವಾಗಿ, ನನಗದು ಹೊಳೆದೇ ಇರಲಿಲ್ಲ. ಆ ದಿನ ನಾನು ನನ್ನ ಕೆಲಸ ಹೋಯಿತೆಂದು ಅಳುತ್ತಾ ಬಸ್ಸು ಹತ್ತಿದ್ದೆ. ಲಾಂಡ್ರಿಯ ಮುಂದೆಯೇ ಆ ಬಸ್ಸು ಹಾದು ಹೋಗುತ್ತದೆ. ಅದನ್ನು ಅವಳಿಗೆ ಹೇಳಲು ನಾಲಿಗೆ ಏಳಲಿಲ್ಲ.

ಅವಳು ಹಗ್ಗದ ಮೇಲಿನ ಬಟ್ಟೆಗಳನ್ನು ಮುಟ್ಟಿ ಮುಟ್ಟಿ ನೋಡಿದಳು. "ವಿಚಾರಣೆಗೆ ಬರ್ತೀಯಾ?"

"ಬರ್ತೀನಿ ಅಕ್ಕ."

"ಅಲ್ಲಿ ಹೇಳು. ನಾನೂ ಕೂತಿರ್ತೀನಿ, ಕೇಳ್ತೀನಿ. ನಾನು ಬೇಜವಾಬ್ದಾರಿ ಹೆಂಗಸಲ್ಲ ಅಂತ ಎಲ್ಲರ ಮುಂದೆ ಹೇಳು." ಆಮೇಲೆ ನನ್ನ ಮುಖ ನೋಡಿದಳು. "ಅಷ್ಟು ಹೇಳ್ದೆ ಅಂತ ನನ್ನ ಸಿಟ್ಟು ಇಳಿಯುತ್ತೆ ಅಂದ್ಕೋಬೇಡ."

ಆಗಲಿ ಎಂದೆ. ಹೊರಡಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಅವಳು ಒಣಗಿದ ದೊಡ್ಡ ಚಾದರವೊಂದನ್ನು ಹಗ್ಗದಿಂದ ಎಳೆದುಕೊಂಡಳು. ಎಡಗೈಯಲ್ಲಿ ಒಂದು ಮೂಲೆ ಹಿಡಿದಳು, ಇನ್ನೊಂದು ಅಂಚನ್ನು ಬಲ ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಚಾದರ ಜಾರಿ ನೆಲಕ್ಕೆ ಬೀಳುವುದರಲ್ಲಿತ್ತು.

"ನಿಂತ್ಕೊಂಡು ನೋಡ್ತೀಯಲ್ಲ. ಆ ತುದಿ ಹಿಡಿ."

ಹಿಡಿದೆ. ಹಿಂದೆ ಹಿಂದೆ ಸರಿದು ನಿಂತೆ. ನನ್ನ ಕಡೆಯ ಮೂಲೆ ಮಡಚಿಕೊಂಡಿತ್ತು, ಬೆರಳಿನಲ್ಲಿ ಬಿಡಿಸಿದೆ. ಅವಳ ಕಡೆಯದೂ ಮಡಚಿಕೊಂಡಿತ್ತು. ಬಿಡಿಸಿಕೊಡೋಣ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ.

"ಬೇಡ. ಅಲ್ಲೇ ನಿಲ್ಲು" ಎಂದಳು.

ತಲೆ ಬಗ್ಗಿಸಿ, ಹಲ್ಲಿನಲ್ಲಿ ಕಚ್ಚಿ, ಮೂಲೆ ಬಿಡಿಸಿಕೊಂಡಳು.

"ಎಳಿ" ಎಂದಳು.

ಎಳೆದೆ.